ಲ್ಯಾಟಿನ್ ಕಲಿಸಿದ ಪುಸ್ತಕಗಳು

ಲ್ಯಾಟಿನ್ ಭಾಷೆ ಎಂದೊಡನೆ ನಮಗೆ ವರ್ಜಿಲ್, ಹೊರೇಸ್, ಸಿಸೆರೊ ಮುಂತಾದ ಮಹನೀಯರ ಹೆಸರುಗಳು ನೆನಪಿಗೆ ಬರುತ್ತವೆ. ಇವರ ಕೃತಿಗಳನ್ನು ಎರಡು ಸಾವಿರ ವರ್ಷಗಳ ಕಾಲ ಓದುವವರಿದ್ದರು ಎಂದಮೇಲೆ ಆ ಓದುಗರಿಗೆ ಅಕ್ಷರ ಹೇಳಿಕೊಟ್ಟವರೂ ಇದ್ದಿರಲೇಬೇಕಷ್ಟೆ. ಹೇಳಿಕೊಡುವುದಕ್ಕೆ ಪುಸ್ತಕಗಳೂ ಇದ್ದಿರಬೇಕು. ಹುಡುಗರ ಕೈಯಲ್ಲಿ ಹರಿದು, ಮಸಿ ಮೆತ್ತಿಕೊಂಡು, ಕೊನೆಗೆ ಬೇರೆ ಪುಸ್ತಕದ ರಟ್ಟಿಗೆ ಅಂಟಿಸುವ ತುಂಡಾಗಿ ಉಳಿದ ಆ ಬಡ ಪುಸ್ತಕಗಳ ವಿಷಯವಾಗಿ ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಪಠ್ಯಪುಸ್ತಕವೆಂದರೆ ಸಾಹಿತ್ಯವಲ್ಲ ಎಂದು ನಾವು ಅದನ್ನು ಬದಿಗಿಡುತ್ತೇವೆ. ಆದರೆ ಒಂದು ಕಾಲದವರು ಮಗುವನ್ನು ಏನೆಂದು ಭಾವಿಸಿದ್ದರು ಎಂಬುದನ್ನು ಅವರ ಮಹಾಕಾವ್ಯಗಳಿಗಿಂತ ಅವರ ಪಠ್ಯಪುಸ್ತಕಗಳು ಸ್ಪಷ್ಟವಾಗಿ ಹೇಳುತ್ತವೆ ಎಂದು ನನ್ನ ಎಣಿಕೆ.

ಈ ಸಾಲಿನಲ್ಲಿ ಮೊದಲು ನಿಲ್ಲುವವನು ಏಲಿಯಸ್ ಡೊನೇಟಸ್. ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ ರೋಮ್ ನಗರದಲ್ಲಿ ಪಾಠ ಹೇಳುತ್ತಿದ್ದವನು. ಬೈಬಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮ್ ಇವನ ಶಿಷ್ಯ. ಇವನ ಚಿಕ್ಕ ವ್ಯಾಕರಣ ಕೆಲವೇ ಪುಟಗಳದು. ಎಲ್ಲವೂ ಪ್ರಶ್ನೋತ್ತರ ರೂಪದಲ್ಲಿದೆ. ಮಾತಿನ ಭಾಗಗಳೆಷ್ಟು ಎಂದು ಗುರು ಕೇಳಿದರೆ ಎಂಟು ಎಂದು ಶಿಷ್ಯ ಹೇಳಬೇಕು. ಅವು ಯಾವುವು? ನಾಮಪದವೆಂದರೇನು? ಅದಕ್ಕೆ ಎಷ್ಟು ಲಿಂಗ, ಎಷ್ಟು ವಚನ, ಎಷ್ಟು ವಿಭಕ್ತಿ? ಹೀಗೆ ಸಾಗುತ್ತದೆ ಪಾಠ. ಈ ಪುಟ್ಟ ಪುಸ್ತಕ ಒಂದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಯೂರೋಪಿನ ಶಾಲೆಗಳನ್ನು ಆಳಿತು. ಮೈಂಟ್ಸ್ ಊರಿನಲ್ಲಿ ಗುಟೆನ್‌ಬರ್ಗ್ ಅಚ್ಚಿನ ಮೊಳೆಗಳನ್ನು ಜೋಡಿಸಿದಾಗ, ಆತನ ಅಚ್ಚುಕೂಟದಿಂದ ಬೈಬಲಿನ ಜೊತೆಗೇ ಹೊರಬಂದದ್ದು ಡೊನೇಟಸನ ವ್ಯಾಕರಣ. ಇಂಗ್ಲಿಷಿನಲ್ಲಿ ‘ಡೊನೆಟ್’ ಎಂಬ ಮಾತಿಗೆ ಯಾವುದೇ ವಿದ್ಯೆಯ ಮೊದಲ ಪಾಠ ಎಂಬ ಅರ್ಥವೇ ಬಂದುಬಿಟ್ಟಿತು.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ಡೊನೇಟಸನು ತನ್ನ ಪುಸ್ತಕವನ್ನು ಬರೆದದ್ದು ಮನೆಯಲ್ಲೂ ಬೀದಿಯಲ್ಲೂ ಲ್ಯಾಟಿನ್ನನ್ನೇ ಆಡುತ್ತಿದ್ದ ಮಕ್ಕಳಿಗಾಗಿ. ಬಲ್ಲ ಭಾಷೆಗೆ ಲಕ್ಷಣ ಹೇಳುವುದಷ್ಟೇ ಅವನ ಕೆಲಸವಾಗಿತ್ತು. ಆದ್ದರಿಂದ ಎಲ್ಲ ಬಗೆಯ ನಾಮಪದಗಳ ವಿಭಕ್ತಿರೂಪಗಳನ್ನೂ ಅವನು ಸಾಲಾಗಿ ಕೊಡಬೇಕಾಗಿರಲಿಲ್ಲ. ಕೇಶಿರಾಜನು ಕನ್ನಡ ಬಲ್ಲವರಿಗೆಂದು ‘ಶಬ್ದಮಣಿದರ್ಪಣ’ವನ್ನು ರಚಿಸಿದಂತೆಯೇ ಇದು. ಕನ್ನಡವನ್ನೇ ಅರಿಯದ ಪರದೇಶಿಯೊಬ್ಬನು ಅದೊಂದನ್ನೇ ಹಿಡಿದು ಕನ್ನಡ ಕಲಿಯಲು ಹೊರಟರೆ ಏನಾದೀತು? ಅದೇ ಗತಿ ಐರ್ಲೆಂಡ್ ಮತ್ತು ಇಂಗ್ಲೆಂಡಿನ ಹುಡುಗರಿಗೆ ಒದಗಿತು. ಕ್ರೈಸ್ತಮತದೊಂದಿಗೆ ಲ್ಯಾಟಿನ್ ಆ ದ್ವೀಪಗಳಿಗೆ ಬಂದಾಗ ಅದು ಅಲ್ಲಿಯ ಜನರ ಮಾತಾಗಿರಲಿಲ್ಲ. ಬರಿಯ ಪುಸ್ತಕದ ಭಾಷೆಯಾಗಿತ್ತು. ಏಳು ಎಂಟನೆಯ ಶತಮಾನಗಳಲ್ಲಿ ಅಲ್ಲಿಯ ಸನ್ಯಾಸಿಗಳು ಡೊನೇಟಸನ ಲಕ್ಷಣಗಳಿಗೆ ವಿಭಕ್ತಿಯ ಪಟ್ಟಿಗಳನ್ನು ಸೇರಿಸಿದರು. ಇಂದು ನಾವು ವ್ಯಾಕರಣವೆಂದರೆ ಪಟ್ಟಿ ಎಂದುಕೊಳ್ಳುತ್ತೇವೆ. ಆ ಪಟ್ಟಿ ಹೀಗೆ ಪರಭಾಷೆಯವನ ಕಷ್ಟದಿಂದ ಬೆಳೆದು ಬಂದದ್ದು.

ಪಟ್ಟಿಯಿಂದಲೂ ತೃಪ್ತನಾಗದೆ ಇನ್ನೊಂದು ಹೆಜ್ಜೆ ಮುಂದಿಟ್ಟವನು ಆಲ್ಫ್ರಿಕ್ ಎಂಬ ಇಂಗ್ಲಿಷ್ ಸನ್ಯಾಸಿ. ಮುಂದೆ ಐನ್ಷಮ್ ಮಠದ ಅಧಿಪತಿಯಾದವನು. ಕ್ರಿಸ್ತಶಕ 1000ದ ಆಸುಪಾಸಿನಲ್ಲಿ ಇವನು ಲ್ಯಾಟಿನ್ ವ್ಯಾಕರಣವನ್ನು ಹುಡುಗರ ತಾಯ್ನುಡಿಯಾದ ಹಳೆಯ ಇಂಗ್ಲಿಷಿನಲ್ಲಿ ಬರೆದ. ಯೂರೋಪಿನ ದೇಶಭಾಷೆಯೊಂದರಲ್ಲಿ ರಚಿತವಾದ ಮೊದಲ ಲ್ಯಾಟಿನ್ ವ್ಯಾಕರಣ ಇದು. ಇದಕ್ಕಿಂತ ನನಗೆ ಪ್ರಿಯವಾದದ್ದು ಅವನು ಬರೆದ ಸಂವಾದ. ಅದರಲ್ಲಿ ಶಾಲೆಯ ಹುಡುಗರು ಒಬ್ಬೊಬ್ಬರೂ ಒಂದೊಂದು ವೃತ್ತಿಯವನ ವೇಷ ತಾಳುತ್ತಾರೆ. ಒಬ್ಬ ಉಳುವವ, ಒಬ್ಬ ಕುರುಬ, ಒಬ್ಬ ಬೇಟೆಗಾರ, ಒಬ್ಬ ಬೆಸ್ತ, ಒಬ್ಬ ವ್ಯಾಪಾರಿ, ಮತ್ತೊಬ್ಬ ಅಡಿಗೆಯವ. ಗುರು ಒಬ್ಬೊಬ್ಬನನ್ನೂ ನಿನ್ನ ಕೆಲಸವೇನೆಂದು ಕೇಳುತ್ತಾನೆ. ಅವರು ಲ್ಯಾಟಿನ್ನಿನಲ್ಲಿ ಉತ್ತರಿಸುತ್ತಾರೆ. ಉಳುವವನು ತನ್ನ ಪಾಡನ್ನು ಹೇಳಿಕೊಳ್ಳುತ್ತಾನೆ: ಎಂಥ ಚಳಿಯಿದ್ದರೂ ಒಡೆಯನ ಭಯದಿಂದ ಮನೆಯಲ್ಲಿ ಕೂರುವ ಹಾಗಿಲ್ಲ, ಎತ್ತು ಹೊಡೆಯುವ ಹುಡುಗನ ಗಂಟಲು ಚಳಿಗೂ ಕೂಗಿಗೂ ಕಟ್ಟಿಹೋಗಿದೆ, ಇಷ್ಟೆಲ್ಲ ದುಡಿಮೆ ಏಕೆಂದರೆ ತಾನು ಸ್ವತಂತ್ರನಲ್ಲ. ವ್ಯಾಕರಣ ಕಲಿಸಲು ಬರೆದ ಪಾಠದಲ್ಲಿ ಒಬ್ಬ ಜೀತದಾಳಿನ ದನಿ ಸಾವಿರ ವರ್ಷ ದಾಟಿ ನಮ್ಮ ಕಿವಿಗೆ ಬೀಳುತ್ತದೆ. ಇಂಗ್ಲೆಂಡಿನ ಸಾಮಾಜಿಕ ಚರಿತ್ರೆಯನ್ನು ಬರೆಯುವವರು ಇಂದಿಗೂ ಈ ಪಾಠವನ್ನು ಸಾಕ್ಷಿಗೆ ಕರೆಯುತ್ತಾರೆ.

ಅದೇ ಸಂವಾದದ ಆರಂಭದಲ್ಲಿ ಗುರು ಇನ್ನೊಂದು ಪ್ರಶ್ನೆ ಕೇಳುತ್ತಾನೆ: ಕಲಿಯುವಾಗ ಏಟು ತಿನ್ನಲು ಸಿದ್ಧರಿದ್ದೀರಾ? ಅಜ್ಞಾನಕ್ಕಿಂತ ಏಟೇ ಮೇಲು, ಆದರೆ ನೀವು ಕರುಣಾಳುಗಳು, ಕಾರಣವಿಲ್ಲದೆ ಹೊಡೆಯುವವರಲ್ಲ ಎಂದು ಹುಡುಗರು ಜಾಣತನದಿಂದ ಉತ್ತರಿಸುತ್ತಾರೆ. ಲ್ಯಾಟಿನ್ ಪಾಠದ ಕಥೆಯಲ್ಲಿ ಬೆತ್ತಕ್ಕೆ ಬಹು ದೊಡ್ಡ ಪಾತ್ರವಿದೆ. ಬೆತ್ತದ ಜೊತೆಗಾರ ಬಾಯಿಪಾಠ. ಅಲೆಗ್ಸಾಂಡರ್ ಎಂಬ ನಾರ್ಮಂಡಿಯ ಪಂಡಿತ 1199ರ ಸುಮಾರಿಗೆ ಇಡಿಯ ವ್ಯಾಕರಣವನ್ನು ಎರಡು ಸಾವಿರದ ಆರುನೂರಕ್ಕೂ ಮಿಕ್ಕ ಪದ್ಯಪಂಕ್ತಿಗಳಲ್ಲಿ ಹೊಸೆದಿಟ್ಟ. ಅಮರಕೋಶವನ್ನು ಬಾಯಿಪಾಠ ಮಾಡಿದ ಹಿರಿಯರಿರುವ ನಮ್ಮ ನಾಡಿನವರಿಗೆ ಇದು ವಿಚಿತ್ರವೆನಿಸದು. ಪುಸ್ತಕ ದುರ್ಲಭವಾದ ಕಾಲದಲ್ಲಿ ನೆನಪೇ ಪುಸ್ತಕ. ಪದ್ಯ ಅದರ ಹೊಲಿಗೆ. ಆದರೆ ಪುಸ್ತಕ ಸುಲಭವಾದ ಮೇಲೂ ಬಾಯಿಪಾಠ ನಿಲ್ಲಲಿಲ್ಲ ಎಂಬುದೇ ವಿಚಾರ ಮಾಡತಕ್ಕ ಸಂಗತಿ.

ಇಂಗ್ಲೆಂಡಿನಲ್ಲಿ ಜಾನ್ ಕಾಲೆಟ್ 1509ರಲ್ಲಿ ಸಂತ ಪಾಲರ ಶಾಲೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯೋಪಾಧ್ಯಾಯನಾದವನು ವಿಲಿಯಂ ಲಿಲಿ. ಅವನು, ಕಾಲೆಟ್ ಮತ್ತು ಮಹಾಪಂಡಿತ ಎರಾಸ್ಮಸ್ ಈ ಮೂವರ ಕೈವಾಡದಿಂದ ಬೆಳೆದ ವ್ಯಾಕರಣ ಲಿಲಿಯ ಹೆಸರಿನಲ್ಲೇ ಪ್ರಸಿದ್ಧವಾಯಿತು. 1540ರ ದಶಕದ ಆರಂಭದಲ್ಲಿ ಎಂಟನೆಯ ಹೆನ್ರಿ ದೊರೆ ರಾಜ್ಯದ ಶಾಲೆಗಳಲ್ಲಿ ಇದೊಂದನ್ನೇ ಕಲಿಸತಕ್ಕದ್ದೆಂದು ಅಪ್ಪಣೆ ಮಾಡಿದ. ಷೇಕ್ಸ್‌ಪಿಯರನು ಹುಡುಗನಾಗಿ ಲ್ಯಾಟಿನ್ ಕಲಿತದ್ದು ಈ ವ್ಯಾಕರಣದ ಆಳ್ವಿಕೆಯಲ್ಲಿಯೇ. ‘ವಿಂಡ್ಸರಿನ ಮೋಜಿನ ಹೆಂಗಸರು’ ನಾಟಕದಲ್ಲಿ ಪಾದ್ರಿಯೊಬ್ಬ ವಿಲಿಯಂ ಎಂಬ ಹುಡುಗನನ್ನು ನಿಲ್ಲಿಸಿ ವಿಭಕ್ತಿ ಒಪ್ಪಿಸೆನ್ನುತ್ತಾನೆ. ಪಕ್ಕದಲ್ಲಿದ್ದ ಅನಕ್ಷರಸ್ಥ ಹೆಂಗಸು ಆ ಲ್ಯಾಟಿನ್ ಮಾತುಗಳಿಗೆ ಏನೇನೋ ಅರ್ಥ ಕಲ್ಪಿಸಿಕೊಂಡು ಸಿಟ್ಟಾಗುತ್ತಾಳೆ. ಪ್ರೇಕ್ಷಕರು ನಗಬೇಕಾದರೆ ಅವರಲ್ಲಿ ಅನೇಕರಿಗಾದರೂ ಆ ಪಾಠ ಬಾಯಿಗೆ ಬರುತ್ತಿದ್ದಿರಬೇಕು.

ನಗುವಿನ ಹಿಂದೆ ಕಣ್ಣೀರೂ ಇತ್ತು. ಎಲಿಜಬೆತ್ ರಾಣಿಗೆ ಗುರುವಾಗಿದ್ದ ರಾಜರ್ ಆಸ್ಕಮ್ ಬರೆದ ‘ಶಾಲಾ ಗುರು’ ಎಂಬ ಪುಸ್ತಕ ಅವನು ತೀರಿಕೊಂಡ ಬಳಿಕ 1570ರಲ್ಲಿ ಪ್ರಕಟವಾಯಿತು. ಅದು ಹುಟ್ಟಿದ್ದು ಒಂದು ಊಟದ ಮಾತಿನಿಂದ. 1563ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಹಬ್ಬಿ ರಾಣಿಯ ಪರಿವಾರ ವಿಂಡ್ಸರಿನಲ್ಲಿದ್ದಾಗ, ಈಟನ್ ಶಾಲೆಯ ಕೆಲವು ಹುಡುಗರು ಏಟಿನ ಭಯದಿಂದ ಓಡಿಹೋದರೆಂಬ ಸುದ್ದಿ ಊಟದ ಸಮಯದಲ್ಲಿ ಬಂತು. ಆಸ್ಕಮ್ ಸೂಚಿಸಿದ ದಾರಿ ಸರಳವಾದುದು. ಸಿಸೆರೊನ ಒಂದು ಪತ್ರವನ್ನು ಹುಡುಗ ಇಂಗ್ಲಿಷಿಗೆ ತಿರುಗಿಸಲಿ. ಮೂಲವನ್ನು ಮುಚ್ಚಿಟ್ಟು, ಸ್ವಲ್ಪ ಹೊತ್ತು ಕಳೆದಮೇಲೆ ತನ್ನ ಇಂಗ್ಲಿಷನ್ನು ಮತ್ತೆ ಲ್ಯಾಟಿನ್ನಿಗೆ ತಿರುಗಿಸಲಿ. ಅನಂತರ ಗುರು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ವ್ಯತ್ಯಾಸವನ್ನು ತೋರಿಸಲಿ. ತಪ್ಪು ಇಲ್ಲಿ ಶಿಕ್ಷೆಗೆ ಕಾರಣವಲ್ಲ, ಪಾಠಕ್ಕೆ ಆರಂಭ.

ಇನ್ನು ಈ ಚರಿತ್ರೆಯ ನಡುಮನೆಯಲ್ಲಿ ಕೂರಿಸಬೇಕಾದವನು ಮೊರಾವಿಯಾದ ಯಾನ್ ಕೊಮೆನ್ಸ್ಕಿ. ಲೋಕ ಇವನನ್ನು ಕಮೀನಿಯಸ್ ಎಂದು ಕರೆಯುತ್ತದೆ. 1592ರಲ್ಲಿ ಹುಟ್ಟಿ, ಎಳವೆಯಲ್ಲೇ ತಾಯಿತಂದೆಗಳನ್ನು ಕಳೆದುಕೊಂಡವನು. ಹದಿನಾರನೆಯ ವಯಸ್ಸಿನಲ್ಲಿ ಲ್ಯಾಟಿನ್ ಶಾಲೆ ಸೇರಿದವನು. ಮೂವತ್ತು ವರ್ಷಗಳ ಯುದ್ಧ ಇವನನ್ನು ತನ್ನ ನಾಡಿನಿಂದ ಓಡಿಸಿತು. ಹೆಂಡತಿ ಮಕ್ಕಳನ್ನು ಪಿಡುಗು ಕೊಂಡೊಯ್ದಿತು. ಪೋಲೆಂಡಿನ ಲೆಷ್ನೊ ಊರಿನಲ್ಲಿ ನಿರಾಶ್ರಿತನಾಗಿದ್ದಾಗ 1631ರಲ್ಲಿ ಇವನು ಪ್ರಕಟಿಸಿದ ‘ಭಾಷೆಗಳ ತೆರೆದ ಬಾಗಿಲು’ ಎಂಬ ಪುಸ್ತಕ ಯೂರೋಪಿನಲ್ಲೆಲ್ಲ ಹರಡಿತು. ನೂರು ಅಧ್ಯಾಯ, ಸಾವಿರ ವಾಕ್ಯ, ಸುಮಾರು ಎಂಟು ಸಾವಿರ ಪದ. ಪ್ರಪಂಚದ ವಸ್ತುಗಳನ್ನೆಲ್ಲ ಕ್ರಮವಾಗಿ ಹೇಳುತ್ತ ಹೋದರೆ ಭಾಷೆ ತಾನೇ ಬರುತ್ತದೆ ಎಂಬುದು ಅವನ ನಂಬಿಕೆ. ಅರ್ಥವಾಗದ ಮಾತನ್ನು ಬಾಯಿಪಾಠ ಮಾಡಿಸುವ ಶಾಲೆಗಳನ್ನು ಅವನು ಬುದ್ಧಿಯ ಕಸಾಯಿಖಾನೆಗೆ ಹೋಲಿಸಿದ್ದಾನೆ.

ಸಾವಿರ ವಾಕ್ಯವೂ ಚಿಕ್ಕ ಮಕ್ಕಳಿಗೆ ಭಾರವೇ ಎಂದು ಅವನು ಕಂಡುಕೊಂಡದ್ದು ಹಂಗೆರಿಯ ಶಾಲೆಯೊಂದರಲ್ಲಿ ಪಾಠ ಹೇಳುವಾಗ. ಆಗ ಸಿದ್ಧವಾದದ್ದು 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ‘ಚಿತ್ರಗಳಲ್ಲಿ ಲೋಕ’. ನೂರೈವತ್ತು ಪಾಠ, ಪಾಠಕ್ಕೊಂದು ಮರದಚ್ಚಿನ ಚಿತ್ರ. ಚಿತ್ರದೊಳಗೆ ಅಂಕಿಗಳು, ಕೆಳಗಿನ ವಾಕ್ಯದಲ್ಲಿ ಪದಕ್ಕೆ ಅದೇ ಅಂಕಿ. ಒಂದು ಸಾಲಿನಲ್ಲಿ ಲ್ಯಾಟಿನ್, ಪಕ್ಕದಲ್ಲೇ ಮಗುವಿನ ತಾಯ್ನುಡಿಯಾದ ಜರ್ಮನ್. ಅಕ್ಷರಮಾಲೆ ಪ್ರಾಣಿಗಳ ಕೂಗಿನಿಂದ ತೊಡಗುತ್ತದೆ: ಕಾಗೆ ಕೂಗಿದರೆ ಒಂದು ಅಕ್ಷರ, ಕುರಿ ಅರಚಿದರೆ ಇನ್ನೊಂದು. ರೊಟ್ಟಿ ಸುಡುವವನು, ಮೀನು ಹಿಡಿಯುವವನು, ಅಚ್ಚುಕೂಟ, ಶಾಲೆ, ಅಪರಾಧಿಗಳಿಗೆ ಕೊಡುವ ಶಿಕ್ಷೆ, ಎಲ್ಲವೂ ಅಲ್ಲಿವೆ. ಕಣ್ಣಿಗೆ ಕಾಣದ ಆತ್ಮವನ್ನು ಚಿತ್ರಿಸುವುದು ಹೇಗೆ? ಹರವಿದ ಬಟ್ಟೆಯ ಮೇಲೆ ಬರಿಯ ಚುಕ್ಕೆಗಳಿಂದ ಮೂಡಿದ ಮನುಷ್ಯಾಕೃತಿಯೊಂದನ್ನು ಅಲ್ಲಿ ಬಿಡಿಸಿದ್ದಾರೆ. ಆ ಪುಟವನ್ನು ನೋಡುತ್ತಿದ್ದರೆ ಮಗುವಿನ ಪ್ರಶ್ನೆಯಿಂದ ನುಣುಚಿಕೊಳ್ಳಬಾರದೆಂಬ ಗುರುವಿನ ಹಟ ಮನಸ್ಸನ್ನು ಕಲಕುತ್ತದೆ. ಗಯಟೆ ಮಹಾಕವಿಯು ತನ್ನ ಬಾಲ್ಯದ ಪುಸ್ತಕಗಳಲ್ಲಿ ಇದನ್ನು ನೆನೆದಿದ್ದಾನೆ.

ಆದರೆ ಲೋಕವನ್ನೆಲ್ಲ ತೋರಿಸುವೆನೆಂದವನ ಕಣ್ಣಿಗೂ ಒಂದು ಎಲ್ಲೆಯಿತ್ತು. ಅನ್ಯಮತಗಳ ಪಾಠದಲ್ಲಿ, ಇಂಡಿಯದವರು ಇಂದಿಗೂ ದೆವ್ವವನ್ನು ಪೂಜಿಸುತ್ತಾರೆಂದು ಅವನು ಮಕ್ಕಳಿಗೆ ಹೇಳುತ್ತಾನೆ. ಆ ಕಾಲದಲ್ಲಿ ಈ ಹೆಸರು ನಮಗೂ ಅಮೆರಿಕದ ಮೂಲನಿವಾಸಿಗಳಿಗೂ ಸಮಾನವಾಗಿ ಸಲ್ಲುತ್ತಿತ್ತು. ಯಾರನ್ನು ಕುರಿತು ಹೇಳಿದ್ದಾದರೂ ಸರಿಯೆ, ವಿಭಕ್ತಿಯ ಜೊತೆಗೆ ಒಂದು ಪೂರ್ವಾಗ್ರಹವೂ ಮಗುವಿನ ಮನಸ್ಸಿಗೆ ಇಳಿಯಿತು. ಪಠ್ಯಪುಸ್ತಕದ ಶಕ್ತಿಯೂ ಅಪಾಯವೂ ಒಂದೇ: ಮಗು ಅದನ್ನು ಪ್ರಶ್ನಿಸುವುದಿಲ್ಲ.

ಕಮೀನಿಯಸನ ಚಿತ್ರಗಳು ಬಂದಮೇಲೂ ವ್ಯಾಕರಣದ ಪಟ್ಟಿ ಸೋಲಲಿಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದರ ಒಡೆಯ ಬೆಂಜಮಿನ್ ಹಾಲ್ ಕೆನಡಿ. ಷ್ರೂಸ್‌ಬರಿ ಶಾಲೆಯ ಮುಖ್ಯಸ್ಥ. ಅನಂತರ ಕೇಂಬ್ರಿಜ್‌ನಲ್ಲಿ ಗ್ರೀಕ್ ಪ್ರಾಧ್ಯಾಪಕ. 1866ರಲ್ಲಿ ಇವನ ಲ್ಯಾಟಿನ್ ಪ್ರವೇಶಿಕೆ ಹೊರಬಂತು. ಅದರ ಪರಿಷ್ಕೃತ ರೂಪ 1888ರಲ್ಲಿ. ಲಿಂಗನಿಯಮಗಳನ್ನು ಪ್ರಾಸಬದ್ಧ ಇಂಗ್ಲಿಷ್ ಪದ್ಯಗಳಲ್ಲಿ ಹೇಳಿದ ಈ ಪುಸ್ತಕವನ್ನು ಬಾಯಿಪಾಠ ಮಾಡದ ವಿದ್ಯಾವಂತ ಇಂಗ್ಲಿಷ್ ಹುಡುಗ ಬಹುಕಾಲ ವಿರಳ. ಹುಡುಗರು ಸೇಡು ತೀರಿಸಿಕೊಳ್ಳದೆ ಬಿಡಲಿಲ್ಲ: ಸಂಕ್ಷಿಪ್ತ ಆವೃತ್ತಿಯ ರಟ್ಟಿನ ಮೇಲಿದ್ದ ‘ಷಾರ್ಟರ್ ಲ್ಯಾಟಿನ್ ಪ್ರೈಮರ್’ ಎಂಬ ಹೆಸರನ್ನು ಮಸಿಯಿಂದ ತಿದ್ದಿ ‘ಷಾರ್ಟ್‌ಬ್ರೆಡ್ ಈಟಿಂಗ್ ಪ್ರೈಮರ್’, ಎಂದರೆ ಬಿಸ್ಕತ್ತು ತಿನ್ನುವ ಪಾಠ, ಎಂದು ಮಾಡುತ್ತಿದ್ದರು.

ಆ ರಟ್ಟಿನ ಮೇಲೆ ಬರೆಯದೆ ಉಳಿದ ಇನ್ನೊಂದು ಸಂಗತಿಯಿತ್ತು. 1888ರ ಪುಸ್ತಕವನ್ನು ವಾಸ್ತವವಾಗಿ ಬರೆದವರು ಕೆನಡಿಯ ಹೆಣ್ಣುಮಕ್ಕಳಾದ ಮೇರಿಯನ್ ಮತ್ತು ಜೂಲಿಯಾ. ನೆರವಾದವರು ಅವನ ಇಬ್ಬರು ಹಳೆಯ ಶಿಷ್ಯರು. ಪುಸ್ತಕ ತಂದೆಯ ಹೆಸರಿನಲ್ಲೇ ನಡೆಯಿತು. ತಂದೆ ಸ್ತ್ರೀವಿದ್ಯೆಯ ಪಕ್ಷಪಾತಿಯಾಗಿದ್ದನೆಂಬುದನ್ನೂ ಹೇಳಬೇಕು. ಮೇರಿಯನ್ ಕೇಂಬ್ರಿಜ್‌ನ ನ್ಯೂನಮ್ ಮಹಿಳಾ ಕಾಲೇಜಿಗಾಗಿ ದುಡಿದವಳು. ಆದರೂ ಆ ವಿಶ್ವವಿದ್ಯಾಲಯ ಹೆಂಗಸರಿಗೆ ಪೂರ್ಣ ಪದವಿ ಕೊಡತೊಡಗಿದ್ದು 1948ರಲ್ಲಿ. ಹುಡುಗರ ತಲೆಮಾರುಗಳಿಗೆ ಲ್ಯಾಟಿನ್ ಕಲಿಸಿದ ಪುಸ್ತಕವನ್ನು ಬರೆಯುವಷ್ಟು ಲ್ಯಾಟಿನ್ ಬಂದರೂ ಪದವಿಗೆ ಅದು ಸಾಲದಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಗಾಳಿ ಮತ್ತೆ ಕಮೀನಿಯಸನ ಕಡೆಗೆ ಬೀಸಿತು. ಕಲ್ಕತ್ತೆಯಲ್ಲಿ ಹುಟ್ಟಿ, ಸಂಸ್ಕೃತವನ್ನೂ ಬಲ್ಲವನಾಗಿದ್ದ ರೌಸ್ ಎಂಬ ವಿದ್ವಾಂಸ 1902ರಲ್ಲಿ ಕೇಂಬ್ರಿಜ್‌ನ ಪರ್ಸ್ ಶಾಲೆಯ ಮುಖ್ಯಸ್ಥನಾಗಿ, ತರಗತಿಯಲ್ಲಿ ಲ್ಯಾಟಿನ್ನನ್ನು ಲ್ಯಾಟಿನ್ನಿನಲ್ಲೇ ಆಡಿ ಕಲಿಸಿದ. ಡೆನ್ಮಾರ್ಕಿನ ಹಾನ್ಸ್ ಓರ್‌ಬರ್ಗ್ 1950ರ ದಶಕದಲ್ಲಿ ಮೊದಲ ವಾಕ್ಯದಿಂದ ಕೊನೆಯವರೆಗೂ ಲ್ಯಾಟಿನ್ನಿನಲ್ಲೇ ಇರುವ ಪಠ್ಯವನ್ನು ರಚಿಸಿದ. ಚಿತ್ರ, ಭೂಪಟ, ಸಂದರ್ಭ ಇವುಗಳಿಂದಲೇ ಪ್ರತಿಯೊಂದು ಹೊಸ ಪದದ ಅರ್ಥ ಹೊಳೆಯಬೇಕು. 1960ರ ಸುಮಾರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪ್ರವೇಶಕ್ಕೆ ಲ್ಯಾಟಿನ್ ಕಡ್ಡಾಯವೆಂಬ ನಿಯಮ ಹೋಯಿತು. 1962ರಿಂದ 1965ರವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ತರುವಾಯ ಕೆಥೋಲಿಕರ ಪೂಜೆ ದೇಶಭಾಷೆಗಳಿಗೆ ತಿರುಗಿತು. ನಮ್ಮ ಮಂಗಳೂರಿನ ಜೆಪ್ಪು ಗುರುಮಠದಲ್ಲಿಯೂ ಲ್ಯಾಟಿನ್ನಿಗೆ ಹಿಂದಿದ್ದ ಪ್ರಾಧಾನ್ಯ ಉಳಿಯಲಿಲ್ಲ. ಕಡ್ಡಾಯ ತಪ್ಪಿದ ಭಾಷೆ ಮಕ್ಕಳನ್ನು ಒಲಿಸಿಕೊಳ್ಳಬೇಕಾಯಿತು. 1970ರಲ್ಲಿ ಬಂದ ಕೇಂಬ್ರಿಜ್ ಪಠ್ಯಮಾಲೆ ಪಾಂಪೆಯ ಕೈಸಿಲಿಯಸ್ ಎಂಬ ಲೇವಾದೇವಿಗಾರನ ಮನೆಯ ಕಥೆಯಾಗಿ ಆರಂಭವಾಗುತ್ತದೆ. ಅವನು ನಿಜವಾಗಿ ಬಾಳಿದ್ದವನು. ಅವನ ಲೆಕ್ಕಪತ್ರದ ಮೇಣದ ಹಲಗೆಗಳು 1875ರಲ್ಲಿ ಬೂದಿಯಡಿಯಲ್ಲಿ ದೊರೆತವು. 2022ರ ಇಂಗ್ಲೆಂಡಿನ ಆವೃತ್ತಿಯಲ್ಲಿ ಆ ಮನೆಗೆ ಒಬ್ಬ ಮಗಳೂ ಬಂದಿದ್ದಾಳೆ. ಕೆನಡಿಯ ಹೆಣ್ಣುಮಕ್ಕಳನ್ನು ನೆನೆದಾಗ ಇದು ಚಿಕ್ಕ ಸಂಗತಿಯಲ್ಲ.

ಈ ಪುಸ್ತಕಗಳನ್ನು ಸಾಲಾಗಿ ಇಟ್ಟು ನೋಡಿದರೆ ನನಗೆ ತೋರುವುದಿಷ್ಟು. ನಿಯಮ ಮೊದಲೋ ವಸ್ತು ಮೊದಲೋ ಎಂಬ ಜಗಳ ಇಂದಿಗೂ ತೀರಿಲ್ಲ. ಪಟ್ಟಿಯಿಲ್ಲದೆ ಲ್ಯಾಟಿನ್ ನಿಲ್ಲದು, ಬರಿಯ ಪಟ್ಟಿಯಿಂದ ಅದು ನಡೆಯದು. ಆದರೆ ಕಲಿಯುವವನಿಗೆ ಅದು ತಾಯ್ನುಡಿಯಲ್ಲ ಎಂಬುದನ್ನು ಮರೆಯದೆ ಬರೆದ ಪುಸ್ತಕಗಳೇ ಮಕ್ಕಳಿಗೆ ಉಪಕಾರ ಮಾಡಿದವು. ಆಲ್ಫ್ರಿಕನೂ ಕಮೀನಿಯಸನೂ ತಾಯ್ನುಡಿಯನ್ನು ಹೊಸಿಲಾಗಿಟ್ಟು ಪರಭಾಷೆಯ ಮನೆಯೊಳಕ್ಕೆ ಮಗುವನ್ನು ಕರೆದೊಯ್ದರು. ನಮ್ಮ ಹಳ್ಳಿಯ ಮಗುವಿಗೆ ಇಂಗ್ಲಿಷನ್ನೋ, ಪಟ್ಟಣದ ಮಗುವಿಗೆ ಹಳಗನ್ನಡವನ್ನೋ ಕಲಿಸಲು ಪಠ್ಯ ಬರೆಯುವ ಮಹನೀಯರು, ಬರೆಯುವ ಮೊದಲು ಆ ಉಳುವವನ ಪಾಠವನ್ನೊಮ್ಮೆ ಓದಿದರೆ ಒಳ್ಳೆಯದೆಂದು ನನಗನಿಸುತ್ತದೆ. ಅದರಲ್ಲಿ ವ್ಯಾಕರಣವೂ ಇದೆ. ಮಗು ಕಿಟಕಿಯಾಚೆ ದಿನವೂ ಕಾಣುವ ಮನುಷ್ಯನೂ ಇದ್ದಾನೆ.