ಹಳೆಯ ಕ್ರೀಡಾಕಾರಿನ ವಿದ್ಯುದ್ದೋಷಗಳ ಶೋಧನೆ: ತಲಕಾಡಿನ ದಾರಿಯ ಒಂದು ನಿದರ್ಶನ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ವಾಹನದ ತಂತಿಗಳನ್ನು ಕುರಿತ ಲೇಖನವನ್ನು ಕಂಡು ವಾಚಕರಿಗೆ ಆಶ್ಚರ್ಯವಾಗಬಹುದು. ಆದರೆ ಅರವತ್ತು ವರ್ಷಗಳನ್ನು ಕಳೆದ ಯಂತ್ರವು ಕೇವಲ ವಾಹನವಾಗಿ ಉಳಿಯುವುದಿಲ್ಲ. ತನ್ನ ಕಾಲದ ಕೈಗಾರಿಕೆಗೆ ಅದೊಂದು ಸಾಕ್ಷಿಯೂ ಆಗುತ್ತದೆ. ಧರ್ಮಸ್ಥಳದಲ್ಲಿರುವ ಹಳೆಯ ಕಾರುಗಳ ಸಂಗ್ರಹವನ್ನು ಜನರು ಇಂದು ನೋಡಲು ಹೋಗುವುದು ಈ ಕಾರಣದಿಂದಲೇ. ಇಂತಹ ಯಂತ್ರದಲ್ಲಿ ದೋಷವು ತಲೆದೋರಿದಾಗ ಏನನ್ನು ಕಳಚಬೇಕು, ಏನನ್ನು ಮುಟ್ಟದೆ ಬಿಡಬೇಕು ಎಂಬುದು ಉತ್ಖನನಕಾರನಿಗೆ ಎದುರಾಗುವ ಪ್ರಶ್ನೆಗಿಂತ ಬಹಳ ದೂರವಾದುದಲ್ಲ.

ಕಳೆದ ವರ್ಷ ನಾವು ತಲಕಾಡಿನ ಶಾಸನಗಳನ್ನು ನೋಡುವುದಕ್ಕಾಗಿ ಮಿತ್ರರೊಬ್ಬರ ಕಾರಿನಲ್ಲಿ ಮೈಸೂರಿನಿಂದ ಹೊರಟೆವು. ಅದು 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ, ಮೇಲ್ಛಾವಣಿಯನ್ನು ಮಡಚಬಹುದಾದ ಎರಡು ಆಸನಗಳ ಕ್ರೀಡಾಕಾರು. ತಿರುಮಕೂಡಲು ನರಸೀಪುರವನ್ನು ದಾಟಿದ ಮೇಲೆ ರಸ್ತೆ ಕುಲುಕಿದಾಗಲೆಲ್ಲ ಪೆಟ್ರೋಲಿನ ಸೂಚಕವು ಸೊನ್ನೆಗೆ ಬೀಳತೊಡಗಿತು. ತಿರುವನ್ನು ತೋರುವ ದೀಪಗಳು ಮಿನುಗದೆ ಮಂಕಾಗಿ ನಿಂತವು. ತುಂತುರು ಮಳೆಯಲ್ಲಿ ಗಾಜೊರಸುವ ಕಡ್ಡಿಗಳು ನಡುದಾರಿಯಲ್ಲಿ ತಡೆದು ನಿಂತವು. ಬ್ರೇಕನ್ನು ಒತ್ತಿದಾಗ ಹಿಂಬದಿಯ ಕೆಂಪು ದೀಪವು ಸರಿಯಾಗಿ ಉರಿಯುತ್ತಿರಲಿಲ್ಲ. ಎಂಜಿನು ಮಾತ್ರ ಯಾವ ತೊಂದರೆಯೂ ಇಲ್ಲದೆ ನಡೆಯುತ್ತಿತ್ತು. ಈ ರೋಗಕ್ಕಾಗಿ ಹಿಂದೆಯೇ ಬ್ಯಾಟರಿಯನ್ನೂ ಡೈನಮೊವನ್ನೂ ಬದಲಾಯಿಸಲಾಗಿತ್ತೆಂದೂ, ಕೊನೆಗೆ ಹಳೆಯ ತಂತಿಗಳನ್ನೆಲ್ಲ ಕಿತ್ತು ಹೊಸವನ್ನು ಹಾಕಿಸಬೇಕೆಂದು ಒಂದು ಕಾರ್ಯಾಗಾರದವರು ಹೇಳಿದ್ದಾರೆಂದೂ ನಮ್ಮ ಮಿತ್ರರು ತಿಳಿಸಿದರು. ಮರುವಾರವೇ ಆ ಕೆಲಸಕ್ಕೆ ದಿನವು ಗೊತ್ತಾಗಿತ್ತು.

ತಲಕಾಡಿಗೆ ಹೋಗುವವನಿಗೆ ಶಾಪದ ಕಥೆಯು ತಪ್ಪಿದ್ದಲ್ಲ. ಊರು ಮರಳಿನಲ್ಲಿ ಹೂತುಹೋದುದಕ್ಕೆ ಅಲಮೇಲಮ್ಮನ ಶಾಪವೇ ಕಾರಣವೆಂಬ ನಂಬಿಕೆಯು ಇಂದಿಗೂ ಬಲವಾಗಿದೆ. ಹದಿನಾಲ್ಕನೆಯ ಶತಮಾನದಲ್ಲಿ ಮೇಲ್ಗಡೆ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯಿಂದ ನದೀಪಾತ್ರದ ಮರಳು ಒಣಗಿ ಹೊರಬಿದ್ದು, ಗಾಳಿಗೆ ಸಿಕ್ಕಿ ದಂಡೆಯ ಮೇಲೆ ದಿಬ್ಬವಾಯಿತೆಂಬುದು ಭೂವಿಜ್ಞಾನಿಗಳ ವಿವರಣೆ. ಹಳೆಯ ಇಂಗ್ಲಿಷ್ ಕಾರುಗಳಿಗೂ ಇಂತಹ ಶಾಪಕಥೆಯೊಂದುಂಟು. ಅವುಗಳ ವಿದ್ಯುತ್ ಉಪಕರಣಗಳನ್ನು ಒದಗಿಸುತ್ತಿದ್ದ ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲ್ಯೂಕಸ್ ಸಂಸ್ಥೆಯನ್ನು ವಾಹನಪ್ರಿಯರು ‘ಕತ್ತಲೆಯ ರಾಜಕುಮಾರ’ನೆಂದು ಹಾಸ್ಯಮಾಡುತ್ತ ಬಂದಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಈ ಹಾಸ್ಯವು ನ್ಯಾಯವಾದುದಲ್ಲ. ಆರು ದಶಕಗಳ ತೇವ, ಕಂಪನ ಮತ್ತು ಅರೆಬರೆ ರಿಪೇರಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತಯಾರಕನನ್ನು ದೂರುವುದು ಅಣೆಕಟ್ಟೆಯನ್ನು ಬಿಟ್ಟು ಶಾಪವನ್ನು ಹಿಡಿದಂತೆ.

ಈ ಕಾರುಗಳ ವಿದ್ಯುದ್ವ್ಯವಸ್ಥೆಯು ಸರಳವಾದುದು. ಬ್ಯಾಟರಿಯ ಒಂದು ಧ್ರುವದಿಂದ ಹೊರಟ ಪ್ರವಾಹವು ಸ್ವಿಚ್ಚು, ಫ್ಯೂಸು, ದೀಪಗಳ ಮೂಲಕ ಸಾಗಿ ಕಾರಿನ ಲೋಹದ ಮೈಯ ಮೂಲಕವೇ ಇನ್ನೊಂದು ಧ್ರುವಕ್ಕೆ ಮರಳುತ್ತದೆ. ಆದುದರಿಂದ ತುಕ್ಕು ಹಿಡಿದ ಒಂದು ತಿರುಪು ಸಹ ಮಂಡಲವನ್ನು ಕಡಿಯಬಲ್ಲದು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಇಂಗ್ಲೆಂಡಿನ ಆ ಕಾಲದ ಬಹುತೇಕ ಕಾರುಗಳಲ್ಲಿ ಧನಧ್ರುವವನ್ನೇ ಮೈಗೆ ಜೋಡಿಸುತ್ತಿದ್ದರು, ಎಂ.ಜಿ.ಬಿ. ಕಾರಿನಲ್ಲಿ ಈ ಪದ್ಧತಿಯು 1967ರವರೆಗೂ ಇತ್ತು. ಇದನ್ನು ತಿಳಿಯದೆ ಇಂದಿನ ಪದ್ಧತಿಯಂತೆ ಬ್ಯಾಟರಿಯನ್ನು ಜೋಡಿಸಿದರೆ ಅನರ್ಥವಾಗುತ್ತದೆ.

ಎರಡನೆಯ ಸಂಗತಿ ಒತ್ತಡಕ್ಕೆ ಸಂಬಂಧಿಸಿದುದು. ತಲಕಾಡಿನಿಂದ ಮುಂದೆ ಹರಿದ ಕಾವೇರಿಯು ಶಿವನಸಮುದ್ರದಲ್ಲಿ ಧುಮುಕುವೆಡೆಯಲ್ಲಿ 1902ರಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದರಷ್ಟೆ. ಅಷ್ಟು ದೂರ ಅದು ಹೆಚ್ಚಾಗಿ ಸೋರಿಹೋಗದೆ ತಲಪಿದುದಕ್ಕೆ ಒತ್ತಡವನ್ನು ಸಾವಿರಾರು ವೋಲ್ಟುಗಳಿಗೆ ಏರಿಸಿದುದೇ ಕಾರಣ. ಕಾರಿನಲ್ಲಿರುವುದು ಕೇವಲ 12 ವೋಲ್ಟು. ಇಲ್ಲಿ ಒಂದೆರಡು ವೋಲ್ಟುಗಳ ನಷ್ಟವೂ ದೊಡ್ಡ ನಷ್ಟವೇ. ಎರಡು ಮುಂದೀಪಗಳು ಸೇರಿ 7.5 ಆಂಪೇರ್ ಪ್ರವಾಹವನ್ನು ಎಳೆಯುತ್ತವೆಂದು ಇಟ್ಟುಕೊಂಡರೆ, ದಾರಿಯಲ್ಲಿ 0.2 ಓಮ್‌ನಷ್ಟು ರೋಧವಿರುವ ಒಂದು ಕೆಟ್ಟ ಕೀಲು 1.5 ವೋಲ್ಟನ್ನು ನುಂಗಿಬಿಡುತ್ತದೆ. ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಕುಗ್ಗುತ್ತದೆ. ಎಂಜಿನನ್ನು ಚಾಲೂ ಮಾಡುವ ಮೋಟಾರಿಗೆ 200 ಆಂಪೇರ್ ಬೇಕಾದಾಗ 0.01 ಓಮ್ ಸಾಕು, 2 ವೋಲ್ಟು ಹೋಗುವುದಕ್ಕೆ.

ಇನ್ನು ತಂತಿಗಳ ಬಣ್ಣ. ಇದು ಒಂದು ಲಿಪಿಯೇ ಸರಿ. ಓದಲು ಬಲ್ಲವನಿಗೆ ಅರ್ಧ ಕೆಲಸವು ಮುಗಿದಂತೆ. ಕಂದು ಬಣ್ಣದ ತಂತಿಯಲ್ಲಿ ಬ್ಯಾಟರಿಯ ಪ್ರವಾಹವು ಫ್ಯೂಸಿಲ್ಲದೆ ಸದಾ ಇರುತ್ತದೆ. ಬಿಳಿಯದರಲ್ಲಿ ಕೀಲಿಯನ್ನು ತಿರುಗಿಸಿದಾಗ ಮಾತ್ರ. ಎಂಜಿನಿನ ಕಿಡಿಗೂ ಪೆಟ್ರೋಲಿನ ಪಂಪಿಗೂ ಇದೇ ಆಧಾರ. ಆ ಬಿಳಿಯ ತಂತಿಯ ಪ್ರವಾಹವು ಫ್ಯೂಸನ್ನು ದಾಟಿದೊಡನೆ ಹಸಿರು ತಂತಿಗೆ ಬರುತ್ತದೆ. ನೀಲಿಯು ಮುಂದೀಪಗಳದು, ಕೆಂಪು ಪಕ್ಕದ ದೀಪಗಳದು, ಕಪ್ಪು ಮೈಗೆ ಸೇರುವ ತಂತಿಯದು. ಎಣ್ಣೆ ಮತ್ತು ಧೂಳು ಮೆತ್ತಿದ ಮೇಲೆ ಕಂದಿಗೂ ಹಸಿರಿಗೂ ಭೇದವೇ ತೋರುವುದಿಲ್ಲ. ಆಗ ಹೊರಮೈಯನ್ನು ನಂಬದೆ, ಹೊದಿಕೆಯ ಒಳಗೆ ಬಿಸಿಲು ಕಾಣದ ಭಾಗವನ್ನು ಸ್ವಲ್ಪ ಹೊರಗೆಳೆದು ನೋಡಬೇಕು. ಸುಣ್ಣ ಬಳಿದ ಶಾಸನವನ್ನು ಓದಿದವರಿಗೆ ಈ ತಾಳ್ಮೆಯು ಹೊಸತಲ್ಲ.

ಮೇಲೆ ಹೇಳಿದ ಲಕ್ಷಣಗಳನ್ನು ಈ ಬಣ್ಣಗಳೊಡನೆ ಹೋಲಿಸಿದಾಗ ವಿಷಯವು ತಾನಾಗಿ ಬಿಚ್ಚಿಕೊಂಡಿತು. ಕೆಟ್ಟಿದ್ದ ನಾಲ್ಕೂ ಉಪಕರಣಗಳು ಹಸಿರು ತಂತಿಯವು. ಕೆಡದೆ ಇದ್ದ ಕಿಡಿ ಮತ್ತು ಪಂಪು ಬಿಳಿಯವು. ಮುಂದೀಪಗಳು ನೀಲಿಯವಾದುದರಿಂದ ಪ್ರಖರವಾಗಿಯೇ ಇದ್ದವು. ಒಂದು ಕಾವ್ಯದ ನಾಲ್ಕು ಓಲೆಪ್ರತಿಗಳಲ್ಲಿ ಒಂದೇ ತಪ್ಪು ಒಂದೇ ಎಡೆಯಲ್ಲಿ ಕಂಡರೆ, ನಾಲ್ವರು ಲಿಪಿಕಾರರೂ ಬೇರೆಬೇರೆಯಾಗಿ ತಪ್ಪಿದರೆಂದು ಸಂಪಾದಕನು ಹೇಳುವುದಿಲ್ಲ; ಅವಕ್ಕೆ ಒಂದೇ ಮಾತೃಕೆಯಿತ್ತೆಂದು ಊಹಿಸುತ್ತಾನೆ. ಇಲ್ಲಿಯ ಮಾತೃಕೆಯೆಂದರೆ ಬಿಳಿಯು ಹಸಿರಾಗುವ ಆ ಒಂದು ಫ್ಯೂಸು. ಬ್ಯಾಟರಿ ಅಥವಾ ಡೈನಮೊ ದುರ್ಬಲವಾಗಿದ್ದರೆ ಮುಂದೀಪಗಳೂ ಮಂಕಾಗಬೇಕಾಗಿತ್ತು.

ಹಾಗಾದರೆ ಕಾರ್ಯಾಗಾರದವರು ಫ್ಯೂಸನ್ನು ಪರೀಕ್ಷಿಸಿರಲಿಲ್ಲವೆ? ಪರೀಕ್ಷಿಸಿದ್ದರು, ಎರಡು ಕಡೆಯೂ 12 ವೋಲ್ಟು ತೋರಿತೆಂದು ನಮ್ಮ ಮಿತ್ರರಿಗೆ ಚೆನ್ನಾಗಿ ನೆನಪಿತ್ತು. ಈ ಒಂದು ಅಂಶವು ನಮ್ಮನ್ನೂ ಕೆಲಕಾಲ ದಾರಿತಪ್ಪಿಸಿತೆಂದು ಒಪ್ಪಿಕೊಳ್ಳಬೇಕು. ಆಮೇಲೆ ಹೊಳೆದುದೇನೆಂದರೆ, ಅಳೆಯುವ ಮಾಪಕವು ಎಳೆಯುವ ಪ್ರವಾಹವು ಅತ್ಯಲ್ಪ. ಆದುದರಿಂದ ಎಷ್ಟೇ ಕೆಟ್ಟ ಕೀಲಿನ ಆಚೆಗೂ ಅದಕ್ಕೆ ಪೂರ್ಣ ಒತ್ತಡವೇ ಕಾಣುತ್ತದೆ. ದೋಷವು ಬಯಲಾಗುವುದು ಭಾರವನ್ನು ಹೇರಿದಾಗ ಮಾತ್ರ. ನಾವು ಗಾಜೊರಸುವ ಕಡ್ಡಿಗಳನ್ನು ನಡೆಸಿ, ಬ್ರೇಕನ್ನೂ ಒತ್ತಿಸಿ ಅಳೆದೆವು. ಫ್ಯೂಸಿನ ಬಿಳಿಯ ಕಡೆ 12.2 ವೋಲ್ಟು, ಹಸಿರು ಕಡೆ 9.4. ನಡುವೆ 2.8 ವೋಲ್ಟು ಶಾಖವಾಗಿ ಹೋಗುತ್ತಿತ್ತು. ಫ್ಯೂಸಿನ ಮೇಲೆ ಬೆರಳಿಡಲಾಗಲಿಲ್ಲ. ಕೇವಲ 12 ವೋಲ್ಟಿನ ಒಂದು ಬುರುಡೆ ಮತ್ತು ಎರಡು ಗಜ ತಂತಿ ಇದ್ದರೂ ಈ ಶೋಧನೆಯು ಸಾಧ್ಯವೆಂಬುದನ್ನು ವಾಚಕರು ಗಮನಿಸಬೇಕು: ಬುರುಡೆಯು ತಾನೇ ಭಾರವಾಗಿ, ಒಂದು ಕಡೆ ಪ್ರಖರವಾಗಿಯೂ ಇನ್ನೊಂದು ಕಡೆ ಮಂಕಾಗಿಯೂ ಉರಿಯುತ್ತದೆ.

ಬ್ಯಾಟರಿಯನ್ನು ಬಿಡಿಸಿ ಫ್ಯೂಸನ್ನು ಹೊರತೆಗೆದಾಗ ಅದರ ಸುತ್ತ ಸಿಗರೇಟು ಪೊಟ್ಟಣದ ಬೆಳ್ಳಿಕಾಗದವು ಸುತ್ತಿದ್ದುದು ಕಂಡಿತು. ಹಿಡಿಯುವ ಹಿತ್ತಾಳೆಯ ಕಿವಿಗಳು ಕಿಲುಬು ಹಿಡಿದು ಸಡಿಲವಾಗಿದ್ದವು. ಅವನ್ನು ನಯವಾದ ಮರಳುಕಾಗದದಿಂದ ಉಜ್ಜಿ, ಬಿಗಿಗೊಳಿಸಿ, 35 ಆಂಪೇರಿನ ಹೊಸ ಫ್ಯೂಸನ್ನು ಕೂಡಿಸಿದ ಮೇಲೆ ಅದೇ ಭಾರದಲ್ಲಿ ನಷ್ಟವು 0.1 ವೋಲ್ಟಿಗಿಂತ ಕಡಿಮೆಯಾಯಿತು. ಸೂಚಕವು ಮೇಲೆದ್ದಿತು, ದೀಪಗಳು ಮಿನುಗಿದವು.

ನಮ್ಮ ಮಿತ್ರರು ಅಷ್ಟಕ್ಕೇ ಹೊರಡಲು ಸಿದ್ಧರಾದರು. ಆದರೆ ಬೆಳ್ಳಿಕಾಗದವು ಅಲ್ಲಿಗೆ ಬಂದುದೇಕೆ? ಯಾವನೋ ಒಬ್ಬನು ಫ್ಯೂಸು ಮತ್ತೆ ಮತ್ತೆ ಸುಡುವುದನ್ನು ಕಂಡು ಬೇಸತ್ತು ಹಾಗೆ ಮಾಡಿರಬೇಕು. ಹಾಗಿದ್ದರೆ ಸುಟ್ಟುದಕ್ಕೆ ಕಾರಣವಾದ ಮೂಲದೋಷವು ಇನ್ನೂ ಎಲ್ಲಿಯೋ ಅಡಗಿರಬೇಕು. ಫ್ಯೂಸಿನ ಕಾವಲಿಲ್ಲದೆ ಅದು ಇಷ್ಟು ದಿನ ಬೆಂಕಿಯನ್ನು ಹೊತ್ತಿಸದಿದ್ದುದೇ ಪುಣ್ಯ. ಫ್ಯೂಸನ್ನು ಮತ್ತೆ ತೆಗೆದು ಅದರ ಎಡೆಯಲ್ಲಿ 21 ವಾಟಿನ ಬುರುಡೆಯೊಂದನ್ನು ಜೋಡಿಸಿದೆವು. ಹಿಂಬದಿಯ ಬ್ರೇಕ್ ದೀಪಗಳ ಬುರುಡೆಗಳನ್ನು ಕಳಚಿ, ಕೀಲಿಯನ್ನು ತಿರುಗಿಸಿ, ಬ್ರೇಕನ್ನು ಒತ್ತಿ ಹಿಡಿಯಲು ಹೇಳಿ, ತಂತಿಗಳ ಕಟ್ಟನ್ನು ಮುಂದಿನಿಂದ ಹಿಂದಕ್ಕೆ ಅಂಗುಲ ಅಂಗುಲವಾಗಿ ಅಲುಗಿಸುತ್ತ ಹೋದೆವು. ಡಿಕ್ಕಿಯ ತಳದ ರಂಧ್ರದ ಬಳಿ ಕೈಯಿಟ್ಟೊಡನೆ ಬುರುಡೆಯು ಪೂರ್ಣಪ್ರಭೆಯಿಂದ ಉರಿಯಿತು. ರಂಧ್ರದ ಅಂಚಿನಲ್ಲಿರಬೇಕಾದ ರಬ್ಬರಿನ ಬಳೆಯು ಎಂದೋ ಉದುರಿಹೋಗಿ, ಹಸಿರಿನ ಮೇಲೆ ನೇರಿಳೆ ಗೆರೆಯುಳ್ಳ ಬ್ರೇಕ್ ದೀಪದ ತಂತಿಯು ಲೋಹಕ್ಕೆ ಉಜ್ಜಿ ಬರಿಮೈಯಾಗಿತ್ತು. ಬ್ರೇಕನ್ನು ಒತ್ತಿದಾಗ, ಅದೂ ಕಾರು ಕುಲುಕಿದ ಕ್ಷಣದಲ್ಲಿ ಮಾತ್ರ ಅದು ಮೈಗೆ ತಾಗುತ್ತಿದ್ದುದರಿಂದ, ನಿಂತ ಕಾರನ್ನು ಪರೀಕ್ಷಿಸಿದವರಿಗೆ ಏನೂ ಸಿಕ್ಕಿರಲಿಲ್ಲ.

ಸವೆದ ಎರಡು ಅಂಗುಲದಷ್ಟು ತಂತಿಯನ್ನು ಮಾತ್ರ ಬದಲಾಯಿಸಿ, ರಂಧ್ರಕ್ಕೆ ಹೊಸ ಬಳೆಯನ್ನು ತೊಡಿಸಲಾಯಿತು. ತಂತಿಗಳನ್ನೆಲ್ಲ ಕೀಳುವ ಏರ್ಪಾಡನ್ನು ನಮ್ಮ ಮಿತ್ರರು ರದ್ದುಗೊಳಿಸಿದರು. ಅಂದು ಕೀರ್ತಿನಾರಾಯಣನ ಗುಡಿಯನ್ನು ತಲಪುವ ಹೊತ್ತಿಗೆ ಕತ್ತಲಾಗಿದ್ದರಿಂದ ಶಾಸನಗಳನ್ನು ಓದಲು ಇನ್ನೊಮ್ಮೆ ಹೋಗಬೇಕಾಯಿತು. ಬೆಳ್ಳಿಕಾಗದ ಸುತ್ತಿದ ಆ ಫ್ಯೂಸನ್ನು ಲಕೋಟೆಯಲ್ಲಿ ಹಾಕಿ, ಮೇಲೆ ದಿನಾಂಕವನ್ನೂ ಅಳತೆಗಳನ್ನೂ ಬರೆದು, ಕಾರಿನ ಕಾಗದಪತ್ರಗಳೊಡನೆ ಇರಿಸಿದ್ದೇವೆ.