ಧಾರಣೆವಾಸಿಯೂ ಕೊಳ್ಳುವವರ ಮನಸ್ಸೂ

ದಿನಸಿಯ ಧಾರಣೆಯ ವಿಷಯದಲ್ಲಿ ನಮ್ಮ ದೇಶದಲ್ಲಿ ಎರಡು ಲೆಕ್ಕಗಳು ಏಕಕಾಲದಲ್ಲಿ ನಡೆಯುತ್ತಿವೆ. ಒಂದು, ಸರ್ಕಾರವು ತಿಂಗಳಿಗೊಮ್ಮೆ ಪ್ರಕಟಿಸುವ ಬಳಕೆದಾರರ ಬೆಲೆ ಸೂಚ್ಯಂಕ. ಇನ್ನೊಂದು, ಕೈಚೀಲ ಹಿಡಿದು ಪೇಟೆಗೆ ಹೋಗಿಬರುವವರು ತಮ್ಮ ಮನಸ್ಸಿನಲ್ಲಿಯೇ ಹಾಕಿಕೊಳ್ಳುವ ಲೆಕ್ಕ. ಇವೆರಡೂ ಒಂದಕ್ಕೊಂದು ಹೊಂದುವುದು ಅಪೂರ್ವ. ಬೆಲೆಗಳು ನೂರಕ್ಕೆ ಐದರಷ್ಟು ಏರಿವೆಯೆಂದು ಸೂಚ್ಯಂಕವು ಹೇಳಿದರೆ ಕೊಳ್ಳುವವರು ನಂಬುವುದಿಲ್ಲ. ಇದು ಜನರ ಅಜ್ಞಾನವೆಂದು ವಿದ್ಯಾವಂತರಲ್ಲಿ ಅನೇಕರು ತಳ್ಳಿಹಾಕುವುದುಂಟು. ಸರ್ಕಾರದ ಅಂಕಿಗಳೇ ಸುಳ್ಳೆಂದು ಮತ್ತೆ ಕೆಲವರು ತೀರ್ಮಾನಿಸುವುದುಂಟು. ಎರಡೂ ಅವಸರದ ತೀರ್ಪುಗಳು. ಈ ಎರಡು ಲೆಕ್ಕಗಳು ಅಳೆಯುವ ವಸ್ತುವೇ ಬೇರೆ ಬೇರೆ ಎಂಬುದನ್ನೂ, ಇತಿಹಾಸದ ವಿದ್ಯಾರ್ಥಿಗೆ ಎರಡನೆಯದು ಮೊದಲನೆಯದಕ್ಕಿಂತ ಕೀಳಾದ ಆಧಾರವಲ್ಲವೆಂಬುದನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಸೂಚ್ಯಂಕದ ರಚನೆಯನ್ನು ನೋಡೋಣ. ಒಂದು ಸಂಸಾರವು ಕೊಳ್ಳುವ ಪದಾರ್ಥಗಳನ್ನೆಲ್ಲ ಒಂದು ಬುಟ್ಟಿಯಲ್ಲಿಟ್ಟಂತೆ ಭಾವಿಸಿ, ಒಟ್ಟು ಖರ್ಚಿನಲ್ಲಿ ಒಂದೊಂದಕ್ಕೂ ಇರುವ ಪಾಲನ್ನು ಅದರ ತೂಕವೆಂದು ಗಣಿಸುತ್ತಾರೆ. ೨೦೧೨ನೆಯ ಇಸವಿಯನ್ನು ಆಧಾರವಾಗಿಟ್ಟುಕೊಂಡು ರಚಿತವಾದ ಶ್ರೇಣಿಯಲ್ಲಿ ಆಹಾರ ಪಾನೀಯಗಳ ತೂಕ ನೂರಕ್ಕೆ ೪೫.೮೬, ಹಳ್ಳಿಗಳಿಗೆ ಇದು ೫೪.೧೮, ಪಟ್ಟಣಗಳಿಗೆ ೩೬.೨೯. ಹಾಗಾದರೆ ನೂರಕ್ಕೆ ೪೫.೮೬ರಷ್ಟನ್ನು ಊಟಕ್ಕೆ ಖರ್ಚುಮಾಡುವ ಸಂಸಾರ ಯಾವ ಊರಿನದು? ಅಂಥ ಸಂಸಾರ ಗಣಿತದಲ್ಲಿ ಮಾತ್ರ ಉಂಟು. ಕೂಲಿಯವನ ಮನೆಯಲ್ಲಿ ಊಟದ ಪಾಲು ಅದಕ್ಕಿಂತ ಬಹಳ ಹೆಚ್ಚು, ಅಧಿಕಾರಿಯ ಮನೆಯಲ್ಲಿ ಬಹಳ ಕಡಿಮೆ. ಆದುದರಿಂದ ಅಕ್ಕಿ, ಬೇಳೆ, ಎಣ್ಣೆಗಳ ಬೆಲೆ ಏರಿ ಇತರ ವಸ್ತುಗಳ ಬೆಲೆ ನಿಂತಲ್ಲೇ ನಿಂತರೆ, ಸರಾಸರಿ ಏರಿಕೆಯು ಬಡವನ ಪಾಲಿಗೆ ಕಡಿಮೆಯಾಗಿಯೇ ಕಾಣುತ್ತದೆ. ಅದು ಅವನ ಭ್ರಮೆಯಲ್ಲ, ಅವನ ಬುಟ್ಟಿಯೇ ಬೇರೆ.

ತರಕಾರಿಯ ನಿದರ್ಶನವನ್ನು ತೆಗೆದುಕೊಳ್ಳಬಹುದು. ೨೦೨೪ರ ಅಕ್ಟೋಬರ್ ತಿಂಗಳಲ್ಲಿ, ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ, ಒಟ್ಟು ಸೂಚ್ಯಂಕವು ನೂರಕ್ಕೆ ೬.೨೧ರಷ್ಟು ಏರಿತ್ತು, ತರಕಾರಿಗಳ ಬೆಲೆಯಾದರೋ ೪೨.೧೮ರಷ್ಟು ಏರಿತ್ತು. ತರಕಾರಿಯ ತೂಕ ನೂರಕ್ಕೆ ಕೇವಲ ೬.೦೪ ಆದ್ದರಿಂದ, ಅಷ್ಟು ದೊಡ್ಡ ಏರಿಕೆಯೂ ಮೊತ್ತದಲ್ಲಿ ಕರಗಿಹೋಯಿತು. ಆದರೆ ತರಕಾರಿಯನ್ನು ಕೊಳ್ಳುವುದು ವಾರಕ್ಕೆ ಎರಡು ಮೂರು ಸಲ. ಬೀರುವನ್ನೋ ಬೀಸಣಿಗೆಯ ಯಂತ್ರವನ್ನೋ ಕೊಳ್ಳುವುದು ಹತ್ತು ವರ್ಷಕ್ಕೊಮ್ಮೆ. ಮನಸ್ಸು ಖರ್ಚಿನ ಪಾಲನ್ನು ನೋಡಿ ತೂಗುವುದಿಲ್ಲ, ಎಷ್ಟು ಸಲ ಹಣ ಕೈಬಿಟ್ಟಿತೆಂಬುದನ್ನು ನೋಡಿ ತೂಗುತ್ತದೆ.

ಮತ್ತೊಂದು ತೊಡಕು ಭಾಷೆಯದು. ‘ಬೆಲೆಯೇರಿಕೆ ಇಳಿದಿದೆ’ ಎಂದು ಪತ್ರಿಕೆಗಳು ಬರೆಯುತ್ತವೆ. ಇಳಿದಿರುವುದು ಏರಿಕೆಯ ವೇಗವೇ ಹೊರತು ಬೆಲೆಯಲ್ಲ. ನೂರು ರೂಪಾಯಿಯ ದಿನಸಿಯು ವರ್ಷಕ್ಕೆ ನೂರಕ್ಕೆ ಆರರಂತೆ ಐದು ವರ್ಷ ಏರಿದರೆ ೧೩೩ ರೂಪಾಯಿ ೮೨ ಪೈಸೆಯಾಗುತ್ತದೆ. ಆರನೆಯ ವರ್ಷ ಏರಿಕೆಯು ನೂರಕ್ಕೆ ಎರಡಕ್ಕೆ ಇಳಿದರೂ ಬೆಲೆ ೧೩೬ ರೂಪಾಯಿ ೫೦ ಪೈಸೆಯಾಗುತ್ತದೆ. ಅರ್ಥಶಾಸ್ತ್ರಜ್ಞನು ಕಳೆದ ವರ್ಷಕ್ಕೆ ಹೋಲಿಸಿ ಸಮಾಧಾನಪಡುತ್ತಾನೆ. ಕೊಳ್ಳುವವಳು ತನಗೆ ಚೆನ್ನಾಗಿ ನೆನಪಿರುವ ಹಳೆಯ ಬೆಲೆಗೆ, ಎಂದರೆ ಆ ನೂರಕ್ಕೆ, ಹೋಲಿಸುತ್ತಾಳೆ. ಅವಳ ಸಂಬಳವೂ ೧೩೬ ಆಗಿದ್ದರೆ ಮಾತ್ರ ಇಬ್ಬರೂ ಒಂದೇ ಮಾತನ್ನಾಡಿಯಾರು.

ಈ ವ್ಯತ್ಯಾಸವು ಅತ್ಯಂತ ಸ್ಪಷ್ಟವಾಗಿ ಕಂಡುಬಂದುದು ೨೦೦೨ರ ಜರ್ಮನಿಯಲ್ಲಿ. ಆ ವರ್ಷದ ಜನವರಿಯಲ್ಲಿ ಮಾರ್ಕ್ ನಾಣ್ಯವು ಹೋಗಿ ಯೂರೋ ನಾಣ್ಯವು ಕೈಗೆ ಬಂದಿತು. ಒಂದು ಯೂರೋಗೆ ೧.೯೫೫೮೩ ಮಾರ್ಕ್. ಅಂಗಡಿಯವರು ಎಲ್ಲವನ್ನೂ ಏರಿಸಿಬಿಟ್ಟರೆಂಬ ಭಾವನೆ ದೇಶದಲ್ಲೆಲ್ಲ ಹರಡಿತು. ದುಬಾರಿ ಎಂಬರ್ಥದ ‘ಟಾಯರ್’ ಎಂಬ ಮಾತನ್ನು ಯೂರೋಗೆ ಬೆಸೆದು ಜನರು ಅದನ್ನು ‘ಟಾಯ್ರೋ’ ಎಂದು ಕರೆದರು. ಅದು ಆ ವರ್ಷದ ಪದವೆಂದೂ ಆಯ್ಕೆಯಾಯಿತು. ಆದರೆ ನಾಣ್ಯದ ಬದಲಾವಣೆಯಿಂದಲೇ ಆದ ಏರಿಕೆಯು ಯೂರೋ ವಲಯದಲ್ಲಿ ನೂರಕ್ಕೆ ೦.೩ನ್ನು ಮೀರಿರಲಿಲ್ಲವೆಂದು ಯೂರೋಪಿನ ಅಂಕಿಅಂಶ ಸಂಸ್ಥೆಯು ಅಂದಾಜು ಮಾಡಿತು. ಬ್ರಾಕಿಂಗರ್ ಎಂಬ ಸಂಖ್ಯಾಶಾಸ್ತ್ರಜ್ಞರು, ಪದೇ ಪದೇ ಕೊಳ್ಳುವ ವಸ್ತುಗಳಿಗೆ ಹೆಚ್ಚಿನ ತೂಕವನ್ನು ಕೊಟ್ಟು, ಏರಿದ ಬೆಲೆಯು ಇಳಿದ ಬೆಲೆಗಿಂತ ಹೆಚ್ಚು ಚುಚ್ಚುತ್ತದೆಂಬುದನ್ನೂ ಸೇರಿಸಿ, ‘ಅನುಭವಕ್ಕೆ ಬರುವ ಬೆಲೆಯೇರಿಕೆ’ಗೆಂದೇ ಬೇರೊಂದು ಸೂಚ್ಯಂಕವನ್ನು ರಚಿಸಿದರು. ಜನರ ದೂರಿಗೆ ಅದರಲ್ಲಿ ಒಂದು ಲೆಕ್ಕ ಸಿಕ್ಕಿತು.

ನಮ್ಮಲ್ಲಿಯೂ ೧೯೫೭ರ ಏಪ್ರಿಲ್ ೧ರಂದು ಆಣೆ ಹೋಗಿ ನಯಾ ಪೈಸೆ ಬಂದಾಗ ಒಂದಾಣೆಗೆ ಆರೂಕಾಲು, ಅರ್ಧಾಣೆಗೆ ಮೂರೂ ಚಿಲ್ಲರೆ ಪೈಸೆ ಬೀಳುತ್ತಿತ್ತು. ಆ ಚಿಲ್ಲರೆಯು ಗಲ್ಲಾಪೆಟ್ಟಿಗೆಗೋ ಗಿರಾಕಿಯ ಜೇಬಿಗೋ ಸೇರಲೇಬೇಕಾಗಿದ್ದಿತು.

ಭಾರತೀಯ ರಿಸರ್ವ್ ಬ್ಯಾಂಕು ೨೦೦೫ರಿಂದ ಸಂಸಾರಗಳನ್ನೇ ವಿಚಾರಿಸಿ, ಬೆಲೆಗಳು ಎಷ್ಟು ಏರಿವೆಯೆಂದು ಅವರಿಗೆ ತೋರುತ್ತದೆ, ಮುಂದೆ ಎಷ್ಟು ಏರಬಹುದೆಂದು ಅವರು ಭಾವಿಸುತ್ತಾರೆ ಎಂಬುದನ್ನು ದಾಖಲಿಸುತ್ತ ಬಂದಿದೆ. ವಿಚಾರಣೆಗೊಳಗಾಗುವ ನಗರಗಳಲ್ಲಿ ಬೆಂಗಳೂರೂ ಒಂದು. ಉತ್ತರಗಳು ಸಾಮಾನ್ಯವಾಗಿ ಸರ್ಕಾರದ ಅಂಕಿಗಿಂತ ಮೇಲೆಯೇ ಇರುತ್ತವೆ. ಇಷ್ಟಾದರೂ ಬ್ಯಾಂಕು ಅವನ್ನು ತಳ್ಳಿಹಾಕದೆ ಪ್ರಕಟಿಸುವುದಕ್ಕೆ ಕಾರಣವುಂಟು. ಬೆಲೆ ಏರುವುದೆಂದು ನಂಬಿದವರು ಇಂದೇ ಹೆಚ್ಚು ಕೊಂಡಿಡುತ್ತಾರೆ, ಹೆಚ್ಚು ಕೂಲಿಯನ್ನು ಕೇಳುತ್ತಾರೆ. ನಂಬಿಕೆಯೇ ಬೆಲೆಯನ್ನು ಏರಿಸುವ ಒಂದು ಕಾರಣವಾಗಿ ಪರಿಣಮಿಸುತ್ತದೆ.

ಇಲ್ಲಿಯವರೆಗಿನದು ಗಣಿತದ ಮಾತು. ಆದರೆ ಬೆಲೆಯ ವಿಷಯದಲ್ಲಿ ಜನರ ಮನಸ್ಸಿನಲ್ಲಿರುವುದು ಗಣಿತವಷ್ಟೇ ಅಲ್ಲ, ನ್ಯಾಯಾನ್ಯಾಯದ ವಿವೇಚನೆಯೂ ಅಲ್ಲಿದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಧಾನ್ಯದ ಗಲಭೆಗಳನ್ನು ಕುರಿತು ಇ. ಪಿ. ಥಾಂಪ್ಸನ್ ೧೯೭೧ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ತಾತ್ಪರ್ಯವಿದು: ಜನರು ದಂಗೆಯೆದ್ದುದು ಹಸಿವಿನ ಸೆಳೆತದಿಂದ ಮಾತ್ರವಲ್ಲ, ಇಂಥ ಕಾಲದಲ್ಲಿ ಇಂಥ ವ್ಯಾಪಾರವು ಸಲ್ಲದೆಂಬ, ತಲೆಮಾರುಗಳಿಂದ ಬಂದ ಕಟ್ಟಳೆಯೊಂದು ಅವರ ಬೆನ್ನಿಗಿತ್ತು. ಈ ಮಾತನ್ನು ನಮ್ಮ ದೇಶಕ್ಕೆ ಅನ್ವಯಿಸಿ ನೋಡುವುದಕ್ಕೆ ಮುಂಬಯಿಗಿಂತ ಒಳ್ಳೆಯ ನಿದರ್ಶನ ಸಿಕ್ಕದು.

೧೯೭೨ರಲ್ಲಿ ಮಳೆ ಕೈಕೊಟ್ಟಿತು; ಮಹಾರಾಷ್ಟ್ರವು ಅದಕ್ಕೆ ಮೊದಲೇ ಬರದಲ್ಲಿ ಬೆಂದಿತ್ತು. ೧೯೭೩ರಲ್ಲಿ ಕೇಂದ್ರ ಸರ್ಕಾರವು ಗೋಧಿಯ ಸಗಟು ವ್ಯಾಪಾರವನ್ನು ತಾನೇ ವಹಿಸಿಕೊಂಡು, ಅದು ಕೈಗೂಡದೆ ಮರುವರ್ಷ ಬಿಟ್ಟುಕೊಟ್ಟಿತು. ಅದೇ ೧೯೭೩ರ ಕೊನೆಯಲ್ಲಿ ಕಲ್ಲೆಣ್ಣೆಯ ಬೆಲೆ ಲೋಕದಲ್ಲೆಲ್ಲ ಏರಿತು. ಸಗಟು ಬೆಲೆಗಳು ೧೯೭೩-೭೪ರಲ್ಲಿ ನೂರಕ್ಕೆ ಇಪ್ಪತ್ತರಷ್ಟೂ, ೧೯೭೪-೭೫ರಲ್ಲಿ ಇಪ್ಪತ್ತೈದರಷ್ಟೂ ಏರಿದವು. ಈ ಅವಧಿಯಲ್ಲಿ ಮುಂಬಯಿಯ ಮಹಿಳೆಯರು ‘ಮಹಾಗಾಯಿ ಪ್ರತಿಕಾರ ಸಂಯುಕ್ತ ಮಹಿಳಾ ಸಮಿತಿ’ಯನ್ನು ಕಟ್ಟಿದರು. ಸಮಾಜವಾದಿಯಾದ ಮೃಣಾಲ್ ಗೋರೆ, ಕಮ್ಯೂನಿಸ್ಟರಾದ ಅಹಿಲ್ಯಾ ರಾಂಗಣೇಕರ್ ಮತ್ತು ತಾರಾ ರೆಡ್ಡಿ ಒಂದೇ ವೇದಿಕೆಯ ಮೇಲೆ ನಿಂತರು. ಪಕ್ಷಗಳು ಒಪ್ಪದ ಕಾಲದಲ್ಲಿ ಅಡಿಗೆಮನೆ ಒಪ್ಪಿತೆನ್ನಬೇಕು. ಸೀಮೆಎಣ್ಣೆ, ಸಕ್ಕರೆ, ಅಡಿಗೆಯೆಣ್ಣೆಗಳನ್ನು ನ್ಯಾಯವಾದ ಬೆಲೆಗೆ ಒದಗಿಸಬೇಕೆಂಬುದು ಅವರ ಬೇಡಿಕೆ. ಖಾಲಿ ತಟ್ಟೆಗಳನ್ನು ಬಡಿಯುತ್ತ, ಲಾಟಣೆಗಳನ್ನು ಎತ್ತಿಹಿಡಿದು ಬೀದಿಯಲ್ಲಿ ನಡೆದರು, ಮಂತ್ರಿಗಳಿಗೆ ಮುತ್ತಿಗೆ ಹಾಕಿದರು. ಮರಾಠಿಯ ಈ ಲಾಟಣೆ ನಮ್ಮ ಲಟ್ಟಣಿಗೆಯ ಬಳಗದ್ದೇ. ದಿನವೂ ಬಳಕೆಯಲ್ಲಿದ್ದ ಆ ಮರದ ತುಂಡಿನಿಂದ, ಲಟ್ಟಿಸುವುದಕ್ಕೆ ಹಿಟ್ಟಿಲ್ಲವೆಂಬುದನ್ನು ಸಾರುವುದಕ್ಕೆ ಭಾಷಣವೇ ಬೇಕಾಗಲಿಲ್ಲ. ೧೯೭೫ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಿತವಾಗಿ ಚಳವಳಿಯು ನಿಂತಿತು. ೧೯೭೭ರಲ್ಲಿ ಗೋರೆ, ರಾಂಗಣೇಕರ್ ಇಬ್ಬರೂ ಲೋಕಸಭೆಗೆ ಆಯ್ಕೆಯಾದರು.

ಕಾಲೇಜಿನ ಓದುಗರಿಗೆ ಇನ್ನೂ ಸಮೀಪದ ಸಂಗತಿಯೊಂದುಂಟು. ೧೯೭೩ರ ಡಿಸೆಂಬರ್‌ನಲ್ಲಿ ಅಹಮದಾಬಾದಿನ ಎಲ್. ಡಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ವಿದ್ಯಾರ್ಥಿನಿಲಯದ ಊಟದ ಶುಲ್ಕವನ್ನು ಏರಿಸಿದುದನ್ನು ವಿರೋಧಿಸಿ ಮುಷ್ಕರ ಹೂಡಿದರು. ಅಲ್ಲಿಂದ ಬೆಳೆದ ನವನಿರ್ಮಾಣ ಚಳವಳಿಯು ೧೯೭೪ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲರ ರಾಜೀನಾಮೆಗೆ ಕಾರಣವಾಯಿತು. ಕಡಲೆಕಾಯಿ ಎಣ್ಣೆಯ ವ್ಯಾಪಾರಿಗಳೂ ಸರ್ಕಾರವೂ ಕೈಕಲೆತಿವೆಯೆಂಬ ಸಂಶಯವು ಜನರಲ್ಲಿ ಬೇರೂರದಿದ್ದರೆ ಊಟದ ಶುಲ್ಕ ಅಷ್ಟು ದೂರ ಹೋಗುತ್ತಿರಲಿಲ್ಲ.

ಹಾಗೆಂದು ಕೊಳ್ಳುವವರ ತೀರ್ಪು ಯಾವಾಗಲೂ ಸರಿಯೆಂದು ಭಾವಿಸಲಾಗದು. ಏರಿಕೆಯನ್ನು ಅವರು ಗುರುತಿಸುವುದು ನಿಜ, ಕಾರಣವನ್ನು ಗುರುತಿಸುವಲ್ಲಿ ತಪ್ಪುವುದುಂಟು. ಕಣ್ಣಿಗೆ ಕಾಣುವವನು ಅಂಗಡಿಯವನು. ಬಾರದ ಮಳೆ ಕಾಣುವುದಿಲ್ಲ. ೨೦೨೩ರ ಜುಲೈಯಲ್ಲಿ ಟೊಮೇಟೊ ಬೆಲೆ ಕಿಲೋಗೆ ನೂರು ರೂಪಾಯಿಯನ್ನು ದಾಟಿದಾಗ ನಗರಗಳ ಮನೆಮನೆಯಲ್ಲಿ ಅದೇ ಮಾತು. ಅದೇ ತಿಂಗಳು ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕಿಲೋ ಪೆಟ್ಟಿಗೆಯು ಎರಡು ಸಾವಿರ ರೂಪಾಯಿಯ ಆಸುಪಾಸಿಗೆ ಮುಟ್ಟಿತು. ಬೆಳೆ ಕೈಗೆ ಬಂದ ಕೆಲವು ರೈತರು ಹಳೆಯ ಸಾಲವನ್ನು ತೀರಿಸಿಕೊಂಡರು. ಸೆಪ್ಟೆಂಬರಿನ ಹೊತ್ತಿಗೆ ಧಾರಣೆ ಕುಸಿದು, ಬಿಡಿಸುವ ಕೂಲಿಯೂ ಗಿಟ್ಟದೆಂದು ಬೆಳೆಗಾರರು ಗೋಳಿಟ್ಟರು. ಆಗ ನಗರದಲ್ಲಿ ಆ ವಿಷಯವನ್ನು ಎತ್ತಿದವರು ವಿರಳ. ಏರಿದ ಬೆಲೆಯು ಸುದ್ದಿಯಾದಂತೆ ಇಳಿದ ಬೆಲೆಯು ಸುದ್ದಿಯಾಗುವುದಿಲ್ಲ.

ಸಂಶೋಧನೆಯಲ್ಲಿ ತೊಡಗುವ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವಿದೆ. ನಮ್ಮ ಶಾಸನಗಳು ಗದ್ಯಾಣ, ಪಣ, ಹಾಗ, ವೀಸಗಳನ್ನೂ, ಖಂಡುಗ, ಕೊಳಗ, ಬಳ್ಳ, ಮಾನಗಳನ್ನೂ ಎಚ್ಚರದಿಂದ ನಮೂದಿಸುತ್ತವೆ. ಯಾವ ಸರಕಿಗೆ ಎಷ್ಟು ಸುಂಕವೆಂಬುದನ್ನೂ ತಿಳಿಸುತ್ತವೆ. ದಾನ ಕೊಟ್ಟವರ ಮತ್ತು ವರ್ತಕ ಸಂಘದವರ ದನಿ ಅಲ್ಲಿ ಕೇಳಿಸುತ್ತದೆ, ಸಂತೆಯಿಂದ ಅರೆ ಚೀಲ ತುಂಬಿಸಿಕೊಂಡು ಹಿಂತಿರುಗಿದವರ ದನಿ ಕೇಳಿಸುವುದಿಲ್ಲ. ಕಳೆದ ನೂರು ವರ್ಷಗಳಿಗೆ ಈ ಕೊರತೆಯನ್ನು ತುಂಬಬಹುದಾದ ಸಾಮಗ್ರಿ ಇನ್ನೂ ಮನೆಗಳಲ್ಲಿಯೇ ಇದೆ: ದಿನದ ಖರ್ಚು ಬರೆದಿಟ್ಟ ಪುಸ್ತಕಗಳು, ಅಂಗಡಿಯ ಸಾಲದ ಚೀಟಿಗಳು, ಪಡಿತರದ ಕಾರ್ಡುಗಳು. ಖರ್ಚಿನ ಪುಸ್ತಕದಲ್ಲಿ ಒಂದು ತಿಂಗಳು ‘ತುಪ್ಪ’ ಎಂಬ ಬಾಬು ಕಾಣದೆಹೋಗಿ, ಮುಂದಿನ ಪುಟಗಳಲ್ಲಿಯೂ ಮತ್ತೆ ಬಾರದಿದ್ದರೆ, ಅದು ಯಾವ ಸೂಚ್ಯಂಕದಲ್ಲಿಯೂ ಸಿಕ್ಕದ ಅಂಕಿ. ಇಂಥ ಪುಸ್ತಕಗಳನ್ನು ಹಳೆಯ ಕಾಗದದ ವ್ಯಾಪಾರಿಗಳ ತಕ್ಕಡಿಗೆ ಹಾಕುವ ಮುನ್ನ ಕಾಲೇಜಿನ ಗ್ರಂಥಭಂಡಾರಗಳು ಕೇಳಿ ಪಡೆಯುವುದು ಒಳ್ಳೆಯದು.