ಅಜ್ಜಿಯ ಮಾತ್ರೆ ಮತ್ತು ಕರುಳಿನ ಬಾಗಿಲು

ನಾನು ಬಿ.ಫಾರ್ಮ ಮೂರನೇ ವರ್ಷದಲ್ಲಿದ್ದಾಗ ಅಜ್ಜಿಗೆ ಜೋರು ಕೆಮ್ಮು ಹಿಡಿದಿತ್ತು. ಊರಿನ ಕ್ಲಿನಿಕ್ಕಿನಲ್ಲಿ ಕ್ಲಾರಿಥ್ರೋಮೈಸಿನ್ ಬರೆದುಕೊಟ್ಟರು. ಅಜ್ಜಿ ಹೃದಯದ ತೊಂದರೆಗೆ ವರ್ಷಗಳಿಂದ ಡಿಗಾಕ್ಸಿನ್ ನುಂಗುತ್ತಿದ್ದರು. ‘ಎರಡೂ ಒಟ್ಟಿಗೆ ಕೊಡಬಹುದೇನೇ?’ ಎಂದು ಅಮ್ಮ ಕೇಳಿದರು. ಮನೆಯಲ್ಲಿ ಫಾರ್ಮಸಿ ಓದುತ್ತಿರುವವಳು ನಾನೊಬ್ಬಳೇ ತಾನೆ? ನೋಟ್ಸ್ ತಿರುವಿ ಹಾಕಿ ಧೈರ್ಯವಾಗಿ ಹೇಳಿದೆ: ‘ಡಿಗಾಕ್ಸಿನ್ ಲಿವರ್‌ನಲ್ಲಿ ಹೆಚ್ಚೇನೂ ಒಡೆಯುವುದಿಲ್ಲ. ಏನೂ ಆಗಲ್ಲ.’

ನಾಲ್ಕನೇ ದಿನ ಅಜ್ಜಿಗೆ ಊಟ ಸೇರಲಿಲ್ಲ. ವಾಂತಿ ಶುರುವಾಯಿತು. ಟ್ಯೂಬ್‌ಲೈಟ್ ಸುತ್ತ ಹಳದಿ ಕಾಣುತ್ತಿದೆ ಎಂದರು. ವಯಸ್ಸಾಯಿತಲ್ಲ, ಕಣ್ಣಿಗೆ ಪೊರೆ ಬಂದಿರಬೇಕು ಎಂದುಕೊಂಡೆವು. ನಾಡಿ ತೀರಾ ನಿಧಾನವಾದಾಗ ದೊಡ್ಡಾಸ್ಪತ್ರೆಗೆ ಓಡಿದೆವು. ಅಲ್ಲಿನ ವೈದ್ಯೆ ಮೊದಲು ಕೇಳಿದ್ದೇ ‘ಏನೇನು ಮಾತ್ರೆ ತಗೊಳ್ತಿದ್ದಾರೆ? ಎಲ್ಲ ತೋರಿಸಿ’ ಎಂದು. ಎರಡೂ ಸ್ಟ್ರಿಪ್ ಪಕ್ಕಪಕ್ಕ ಇಟ್ಟು ನೋಡಿದವರು ತಕ್ಷಣ ಎರಡನ್ನೂ ನಿಲ್ಲಿಸಿದರು. ರಕ್ತಪರೀಕ್ಷೆಯಲ್ಲಿ ಡಿಗಾಕ್ಸಿನ್ ಮಟ್ಟ ಏರಿತ್ತು. ಮಿಲಿಲೀಟರ್ ರಕ್ತಕ್ಕೆ 2 ನ್ಯಾನೋಗ್ರಾಂ ದಾಟಿದರೆ ಅಪಾಯ ತರುವ ಔಷಧವದು. ಅಜ್ಜಿ ಚೇತರಿಸಿಕೊಂಡರು. ನನ್ನ ‘ಏನೂ ಆಗಲ್ಲ’ ಮಾತ್ರ ಇವತ್ತಿಗೂ ನನ್ನ ಕಿವಿಯಲ್ಲಿದೆ.

ನಾನು ಎಡವಿದ್ದೆಲ್ಲಿ? ಔಷಧಗಳ ಜಗಳ ಎಂದರೆ ನಮಗೆ ನೆನಪಾಗುವುದು ಲಿವರ್‌ನ ಕಿಣ್ವಗಳು. ಒಂದು ಔಷಧ ಕಿಣ್ವವನ್ನು ಕಟ್ಟಿಹಾಕುತ್ತದೆ, ಇನ್ನೊಂದು ಒಡೆಯದೆ ಉಳಿಯುತ್ತದೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಗ್ಯಾರಂಟಿ. ಆದರೆ ಔಷಧ ಒಡೆಯುವುದಕ್ಕೂ ಮೊದಲು ಜೀವಕೋಶದ ಗೋಡೆ ದಾಟಬೇಕಲ್ಲ! ಆ ಗೋಡೆಯಲ್ಲಿ ಸಾಗಣೆ ಪ್ರೋಟೀನ್‌ಗಳಿವೆ. ಅವುಗಳಲ್ಲಿ ಪಿ-ಗ್ಲೈಕೋಪ್ರೋಟೀನ್ ಎಂಬುದು ಛತ್ರದ ಬಾಗಿಲಲ್ಲಿ ನಿಂತು, ಮದುವೆಗೆ ಕರೆಯದೇ ಬಂದವರನ್ನು ಸಾಗಹಾಕುವ ದೊಡ್ಡಪ್ಪನಂತೆ. ಕರುಳಿನ ಒಳಪದರದಲ್ಲಿ ನಿಂತು ಡಿಗಾಕ್ಸಿನ್‌ನ ಒಂದು ಪಾಲನ್ನು ಕರುಳಿಗೇ ವಾಪಸ್ ತಳ್ಳುತ್ತದೆ. ಕಿಡ್ನಿಯಲ್ಲಿ ಅದನ್ನು ಮೂತ್ರಕ್ಕೆ ದಾಟಿಸುತ್ತದೆ. ಕ್ಲಾರಿಥ್ರೋಮೈಸಿನ್ ಬಂದು ಈ ದೊಡ್ಡಪ್ಪನ ಕೈ ಕಟ್ಟಿಹಾಕಿದರೆ? ಡಿಗಾಕ್ಸಿನ್ ಒಳಗೆ ಬರುವುದು ಹೆಚ್ಚು, ಹೊರಗೆ ಹೋಗುವುದು ಕಡಿಮೆ. ಯಾವ ಕಿಣ್ವದ ಹಂಗೂ ಇಲ್ಲದೆ ಅದೇ ಮಾತ್ರೆ ವಿಷವಾಗುತ್ತದೆ.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ಕೆನಡಾದ ಒಂಟಾರಿಯೊದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಡಿಗಾಕ್ಸಿನ್ ವಿಷವಾಗಿ ಆಸ್ಪತ್ರೆ ಸೇರಿದ ಹಿರಿಯರು ಹಿಂದಿನ ಒಂದು ವಾರದಲ್ಲಿ ಕ್ಲಾರಿಥ್ರೋಮೈಸಿನ್ ಪಡೆದಿದ್ದ ಸಾಧ್ಯತೆ ಉಳಿದವರಿಗಿಂತ ಸುಮಾರು 12 ಪಟ್ಟು ಹೆಚ್ಚಿತ್ತು. ಓದಿದಾಗ ಕೈ ತಣ್ಣಗಾಯಿತು.

ಸಮಾಧಾನದ ಸಂಗತಿಯೆಂದರೆ ವಿಜ್ಞಾನಿಗಳಿಗೂ ಇದು ಬೇಗ ಹೊಳೆದಿರಲಿಲ್ಲ. ಪಿ-ಗ್ಲೈಕೋಪ್ರೋಟೀನ್ ಅನ್ನು ಜೂಲಿಯಾನೋ ಮತ್ತು ಲಿಂಗ್ 1976ರಲ್ಲೇ ಗುರುತಿಸಿದ್ದರು, ಅದೂ ಔಷಧಕ್ಕೆ ಜಗ್ಗದ ಹ್ಯಾಮ್‌ಸ್ಟರ್ ಜೀವಕೋಶಗಳಲ್ಲಿ. ಕ್ವಿನಿಡಿನ್ ಕೊಟ್ಟರೆ ಡಿಗಾಕ್ಸಿನ್ ಮಟ್ಟ ಏರುತ್ತದೆಂದು 1978ರಲ್ಲಿ ವೈದ್ಯರು ವರದಿ ಮಾಡಿದ್ದರು. ಎರಡಕ್ಕೂ ಗಂಟು ಬಿದ್ದದ್ದು 1990ರ ದಶಕದಲ್ಲಿ.

ಈಗ ಹೊಸ ಔಷಧ ಮಾರುಕಟ್ಟೆಗೆ ಬರುವ ಮೊದಲೇ ಈ ಬಾಗಿಲುಗಳ ಪರೀಕ್ಷೆ ನಡೆಯುತ್ತದೆ. ಎಂ.ಫಾರ್ಮ ಪ್ರಾಜೆಕ್ಟಿನಲ್ಲಿ ನಾನೂ ಅದನ್ನೇ ಮಾಡಿದೆ. ಕ್ಯಾಕೋ-2 ಎಂಬ ಜೀವಕೋಶಗಳಿವೆ, ಮನುಷ್ಯನ ದೊಡ್ಡ ಕರುಳಿನ ಗಡ್ಡೆಯಿಂದ ಬಂದವು. ಸಣ್ಣ ಜಾಲರಿಯ ಮೇಲೆ ಬೆಳೆಸಿದರೆ ಸುಮಾರು 21 ದಿನಗಳಲ್ಲಿ ಕರುಳಿನ ಗೋಡೆಯಂತೆ ಒತ್ತಾಗಿ ಕೂರುತ್ತವೆ. ಔಷಧವನ್ನು ಒಮ್ಮೆ ಮೇಲಿನಿಂದ ಕೆಳಕ್ಕೆ, ಒಮ್ಮೆ ಕೆಳಗಿನಿಂದ ಮೇಲಕ್ಕೆ ಹಾಯಿಸಿ ಅಳೆಯಬೇಕು. ಹೊರಗೆ ತಳ್ಳುವ ವೇಗ ಒಳಗೆ ಬರುವ ವೇಗದ ಎರಡು ಪಟ್ಟು ಅಥವಾ ಹೆಚ್ಚಿದ್ದರೆ ಅಲ್ಲೊಬ್ಬ ದೊಡ್ಡಪ್ಪ ಇದ್ದಾನೆಂದು ಅನುಮಾನಿಸಬೇಕು. ಈ 21 ದಿನ ತಾಳ್ಮೆಯ ಪರೀಕ್ಷೆ. ನನ್ನ ಮೊದಲ ಬ್ಯಾಚ್ 19ನೇ ದಿನ ಫಂಗಸ್ ಹಿಡಿದು ಹೋಯಿತು. ಹಾಸ್ಟೆಲ್ಲಿಗೆ ಬಂದು ಅತ್ತಿದ್ದೆ.

ಕರೆದು ಒಳಗೆ ಕೂರಿಸುವ ಬಾಗಿಲುಗಳೂ ಇವೆ. ಅಲರ್ಜಿಗೆ ನುಂಗುವ ಫೆಕ್ಸೋಫೆನಡಿನ್ ಅಂಥ ಒಂದರ ಮೂಲಕ ಒಳಸೇರುತ್ತದೆ. ಸೇಬು, ಕಿತ್ತಳೆ ರಸ ಆ ಬಾಗಿಲಿಗೆ ಅಡ್ಡ ನಿಲ್ಲುತ್ತವೆ, ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಜ್ಯೂಸ್ ಬೇಡ, ನೀರಿನಲ್ಲೇ ನುಂಗಿ.

ಕಳೆದ ತಿಂಗಳು ಬೆಂಗಳೂರಿನಲ್ಲೊಂದು ಸಂದರ್ಶನವಿತ್ತು. ‘ಲಿವರ್‌ನಲ್ಲಿ ಒಡೆಯದ ಔಷಧಕ್ಕೆ ಬೇರೆ ಔಷಧದ ತಂಟೆ ಯಾಕೆ ಬರುತ್ತೆ?’ ಎಂದು ಕೇಳಿದರು. ಪುಸ್ತಕದ ಉತ್ತರ ಬಾಯಿಗೆ ಬರಲೇ ಇಲ್ಲ. ಅಜ್ಜಿಯ ಕಥೆ ಹೇಳಿದೆ. ಅವರು ಪೆನ್ ಕೆಳಗಿಟ್ಟು ಕೇಳಿಸಿಕೊಂಡರು. ಫಲಿತಾಂಶ ಇನ್ನೂ ಬಂದಿಲ್ಲ, ಮೊಬೈಲ್ ನೋಡುತ್ತಾ ಕೂತಿದ್ದೇನೆ.

ಅಜ್ಜಿಯ ಮಾತ್ರೆ ಡಬ್ಬಿಯ ಮೇಲೆ ‘ಹೊಸ ಮಾತ್ರೆ ಬಂದರೆ ಮೊದಲು ಕೇಳಬೇಕು’ ಎಂದು ಚೀಟಿ ಅಂಟಿಸಿದ್ದೇನೆ. ಅಜ್ಜಿ ಈಗ ಶುಂಠಿ ಕಷಾಯಕ್ಕೂ ಫೋನ್ ಮಾಡಿ ಕೇಳುತ್ತಾರೆ. ‘ತಡಿ, ನೋಡಿ ಹೇಳ್ತೀನಿ’ ಅನ್ನುತ್ತೇನೆ.